ಮೊಳ ಎತ್ತರದ ಕಟ್ಟೆ

“ಈಗಿನ ಹೆಣ್ಣುಮಕ್ಕಳಿಗೆ ಮಂದಿ ಬೇಕಾಗಿಲ್ಲ ಬಿಡ್ರಿ” ಎಂಬ ಮಾತನ್ನು ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಮೊದಲು ಟಿ.ವಿ. ಬಂದು ನೆರೆಹೊರೆ ಕೆಟ್ಟಿತು ಎನ್ನುತ್ತಿದ್ದರು. ಆಮೇಲೆ ಹೆಂಗಸರು ನೌಕರಿಗೆ ಹೊರಟದ್ದರಿಂದ ಕೆಟ್ಟಿತು ಎಂದರು. ಈಗ ಮೊಬೈಲಿನ ಸರದಿ. ಕೊನೆಗೆ ತಪ್ಪು ಬಂದು ಬೀಳುವುದು ನಮ್ಮ ಸ್ವಭಾವದ ಮೇಲೆಯೇ: ನಾವು ಸಣ್ಣ ಮನಸ್ಸಿನವರಾಗಿದ್ದೇವೆ, ಬಾಗಿಲು ಹಾಕಿಕೊಂಡು ಕೂರುತ್ತೇವೆ, ಎದುರು ಮನೆಯವರು ಸತ್ತರೂ ಕೇಳುವುದಿಲ್ಲ. ಎದುರು ಮನೆಯವರು ಸತ್ತರೂ ಕೇಳದವಳು ನಾನೇ ಆಗಿರುವುದರಿಂದ ಈ ಮಾತಿಗೆ ಉತ್ತರ ಕೊಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ನನ್ನ ತಕರಾರು ಏನೆಂದು ಹೇಳಿಬಿಡುವುದು ಒಳ್ಳೆಯದು. ದೂರುವುದಾದರೆ ನಮ್ಮ ಮನಸ್ಸಿಗಿಂತ ಮೊದಲು ನಮ್ಮ ಮನೆಗಳ ನಕ್ಷೆಯನ್ನು ದೂರಬೇಕು. ಇಂಜಿನಿಯರು ಗೆರೆ ಎಳೆಯುವಾಗ ಅಳಿಸಿಹಾಕಿದ್ದನ್ನು ಆಮೇಲೆ ನಾವು ಒಳ್ಳೆಯತನದಿಂದ ತುಂಬಿಕೊಡಬೇಕು ಎಂದರೆ ಎಲ್ಲಿಂದ ತರುವುದು?

ನಾನು ಹುಟ್ಟಿ ಬೆಳೆದದ್ದು ಮಾನ್ವಿ ಸೀಮೆಯ ಮಲ್ಲಟದಲ್ಲಿ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಬೇವಿನ ತೊಲೆ, ಜಂತಿ, ಅದರ ಮೇಲೆ ಮಣ್ಣು. ಮನೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದುದರಿಂದ ಮಾಳಿಗೆ ಏರಿದರೆ ನೆಲ ಮುಟ್ಟದೆ ಓಣಿಯ ಈ ತುದಿಯಿಂದ ಆ ತುದಿಗೆ ಹೋಗಬಹುದಿತ್ತು. ಹಾಗೆ ಹೋಗಿ, ಯಾರದೋ ಸಂಡಿಗೆ ತುಳಿದು ಬೈಸಿಕೊಂಡದ್ದೂ ಉಂಟು. ಬಾಗಿಲ ಎರಡೂ ಬದಿಗೆ ಕಟ್ಟೆ. ನಮ್ಮ ಕಡೆ ಕಟ್ಟಿ ಎನ್ನುತ್ತೇವೆ. ನೆಲದಿಂದ ಒಂದು ಮೊಳ ಎತ್ತರ, ಕಾಲು ಮಡಚಿ ಕೂರುವಷ್ಟು, ಬೇಕೆಂದರೆ ಅಡ್ಡಾಗುವಷ್ಟು ಅಗಲ, ಮೇಲೆ ಕಲ್ಲುಚಪ್ಪಡಿ. ರಾಯಚೂರು ಜಿಲ್ಲೆಯ ಬೇಸಿಗೆಯನ್ನು ಬಲ್ಲವರಿಗೆ ನಾನು ವರ್ಣನೆ ಮಾಡಬೇಕಾಗಿಲ್ಲ. ಉಷ್ಣಾಂಶ 40 ಡಿಗ್ರಿ ದಾಟಿದ ದಿನ ರಾತ್ರಿ ಒಳಗೆ ಮಲಗಲು ಯಾರಿಗೂ ಸಾಧ್ಯವಿಲ್ಲ. ಹೊರಸುಗಳು ಓಣಿಗೆ ಬರುತ್ತಿದ್ದವು, ಹೊರಸು ಇಲ್ಲದವರು ಕಟ್ಟೆಯ ಮೇಲೆ ಕೌದಿ ಹಾಸುತ್ತಿದ್ದರು.

ಕಟ್ಟೆ ಎಂದೊಡನೆ ಬೀಡಿ ಸೇದುವ ಗಂಡಸರು ನೆನಪಾಗುತ್ತಾರೆ. ಬೆಳಿಗ್ಗೆ ಸಂಜೆ ಅದು ಅವರದೇ ಆಗಿತ್ತು, ನಿಜ. ಆದರೆ ಗಂಡಸರು ಹೊಲಕ್ಕೆ ಹೋದ ಮೇಲೆ, ದನ ತಿರುಗಿ ಬರುವತನಕ, ಕಟ್ಟೆ ಹೆಂಗಸರದು. ನಮ್ಮ ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತರೆ ಎದುರು ಮನೆಯ ಅತ್ತಿ ತನ್ನ ತೊಗರಿ ತಂದು ತನ್ನ ಕಟ್ಟೆಗೆ ಕೂರುತ್ತಿದ್ದಳು. ನಡುವೆ ಎಂಟು ಹತ್ತು ಅಡಿಯ ದಾರಿ. ಕೂಗುವ ಅಗತ್ಯವಿಲ್ಲ, ಪಿಸುಗುಡುವ ಅಗತ್ಯವೂ ಇಲ್ಲ. ಕೌದಿ ಹೊಲಿಯುವ ದಿನ ಮಾತ್ರ ಎಲ್ಲರೂ ಒಂದೇ ಕಟ್ಟೆಗೆ. ಹಳೇ ಸೀರೆ, ಧೋತರ ಎಲ್ಲ ಹರಡಿ ನಾಲ್ಕು ಮೂಲೆಗೆ ನಾಲ್ಕು ಜನ ಕೂತು ಒಳಗೆ ಬರುತ್ತಾ ಬರುತ್ತಾ ನಡುವೆ ಸೇರುತ್ತಿದ್ದರು. ಯಾರ ಸೊಸೆಗೆ ಎಷ್ಟನೇ ತಿಂಗಳು, ಯಾರ ಮನೆಯಲ್ಲಿ ನಿನ್ನೆ ಒಲೆ ಹತ್ತಲಿಲ್ಲ, ಯಾರ ಗಂಡ ಕುಡಿದು ಕೈ ಮಾಡಿದ, ಎಲ್ಲವೂ ಆ ಹೊಲಿಗೆಯಲ್ಲಿ ಹೊರಗೆ ಬರುತ್ತಿತ್ತು. ಒಲೆ ಹತ್ತದ ಮನೆಗೆ ಸಂಜೆ ಒಂದು ತಟ್ಟೆ ಹಿಟ್ಟು ಹೋಗುತ್ತಿತ್ತು. ಕೈ ಮಾಡಿದವನು ಕಟ್ಟೆಯ ಮುಂದೆ ಹಾದು ಹೋಗುವಾಗ ನಮ್ಮ ಆಯಿ, “ಏನೋ, ಭಾಳ ಗಂಡಸಾಗಿಯಂತಲ್ಲೋ” ಎಂದು ಎಲ್ಲರಿಗೂ ಕೇಳುವಂತೆ ಕೇಳುತ್ತಿದ್ದಳು. ಅದರಿಂದ ಅವನು ಸುಧಾರಿಸಿದ ಎಂದು ನಾನು ಹೇಳುವುದಿಲ್ಲ. ಆ ಹೆಣ್ಣುಮಗಳಿಗೆ ಮಾತ್ರ ತನ್ನ ನೋವು ನಾಲ್ಕು ಗೋಡೆಯೊಳಗೆ ಉಳಿದಿಲ್ಲ ಎಂಬುದು ಗೊತ್ತಾಗುತ್ತಿತ್ತು.

ಇದೆಲ್ಲ ಹಳೆಯ ಕಾಲದ ಹಂಬಲ ಎಂದು ಪುಟ ತಿರುವಬೇಡಿ. ನನಗೆ ಬೇಕಾಗಿರುವುದು ಆ ಕಲ್ಲಿನ ಗುಟ್ಟು. ಕಟ್ಟೆ ಮನೆಯ ಒಳಗೂ ಅಲ್ಲ, ಹೊರಗೂ ಅಲ್ಲ. ಅಲ್ಲಿ ಕೂತವಳು ತನ್ನ ಮನೆಯಲ್ಲೇ ಇದ್ದಾಳೆ. ಹಾಲು ಉಕ್ಕಿದರೆ ಮಾತಿನ ನಡುವೆ ಎದ್ದು ಹೋಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಹಾದು ಹೋಗುವವಳು ನಿಂತು ಎರಡು ಮಾತಾಡಬಹುದು, ಬೇಕಾದರೆ ಅಂಚಿಗೆ ಕೂರಬಹುದು, ಚಹಾ ಮಾಡುವ ಗೋಜಿಲ್ಲ. ಮನೆ ಗುಡಿಸಿದೆಯೋ ಇಲ್ಲವೋ, ಉಟ್ಟ ಸೀರೆ ಹರಿದಿದೆಯೋ, ಪಾತ್ರೆ ತೊಳೆದಿಲ್ಲವೋ, ಯಾವುದೂ ಅಡ್ಡ ಬರುವುದಿಲ್ಲ. ಈಗ ಗೇಟಿನ ಮನೆಯನ್ನು ನೋಡಿ. ಅಲ್ಲಿ ಒಬ್ಬರನ್ನೊಬ್ಬರು ನೋಡಬೇಕಾದರೆ ಗಂಟೆ ಒತ್ತಬೇಕು, ಗೇಟು ತೆಗೆಯಬೇಕು, ಒಳಗೆ ಕರೆಯಬೇಕು, ಸೋಫಾದ ಮೇಲಿನ ಬಟ್ಟೆ ಎತ್ತಬೇಕು, ಚಹಾ, ಹೊರಡುವಾಗ ಕುಂಕುಮ. ಇಷ್ಟೆಲ್ಲ ಆಗಬೇಕಾದರೆ ಒಂದು ಕಾರಣ ಬೇಕು. ಕಾರಣವಿಲ್ಲದೆ ಯಾರು ಯಾರ ಗಂಟೆ ಒತ್ತುತ್ತಾರೆ? ಕಟ್ಟೆ ಇದ್ದಾಗ ನೆರೆಯವಳಾಗಿದ್ದವಳನ್ನು ಗೇಟು ಅತಿಥಿಯನ್ನಾಗಿ ಮಾಡಿತು. ಅತಿಥಿ ವರ್ಷಕ್ಕೊಮ್ಮೆ ಬಂದರೆ ಚೆಂದ.

ಈ ಗೇಟುಗಳನ್ನು ಯಾರೋ ಬಂದು ನಮ್ಮ ಮೇಲೆ ಹೇರಲಿಲ್ಲ. ರಾಯಚೂರಿನಲ್ಲಿ ನಿವೇಶನ ಕೊಂಡು ಮನೆ ಕಟ್ಟಿಸುವಾಗ, ಆರು ಅಡಿ ಕಾಂಪೌಂಡು ಬೇಕೇ ಬೇಕು ಎಂದು ಹಟ ಹಿಡಿದವಳು ನಾನು. ನಮ್ಮ ಮನೆಯವರು ನಾಲ್ಕು ಅಡಿ ಸಾಕು ಎಂದಿದ್ದರು. ಸಾಲದ ಕಂತು ಕಟ್ಟುತ್ತಾ ಕಟ್ಟುತ್ತಾ ಆ ಗೋಡೆಯನ್ನು ನೋಡಿ ನಾನು ಹೆಮ್ಮೆಪಟ್ಟದ್ದಿದೆ. ಕಟ್ಟೆಯ ಮನೆಯಿಂದ ಕಾಂಪೌಂಡಿನ ಮನೆಗೆ ಬಂದದ್ದು ನನಗೆ ಆಗ ಒಂದು ತರಗತಿ ಪಾಸಾದ ಹಾಗೆ ಅನ್ನಿಸಿತ್ತು. ಓದುತ್ತಿರುವ ನಿಮ್ಮಲ್ಲೂ ಅನೇಕರಿಗೆ ಅನ್ನಿಸಿರಬಹುದು, ಸಂಕೋಚ ಬೇಡ.

ಇನ್ನು ಎದುರು ಮನೆಯ ವಿಷಯ. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತಲ್ಲ, ದಸರಾ ರಜೆಯಲ್ಲಿ ಶಿಕ್ಷಕರೆಲ್ಲ ಮನೆ ಮನೆ ತಿರುಗಿದೆವು. ಅರವತ್ತು ಪ್ರಶ್ನೆ. ನನಗೆ ಬಂದ ಮನೆಗಳಲ್ಲಿ ಅರ್ಧ ಊರೊಳಗಿನ ಹಳೇ ಓಣಿಯವು, ಅರ್ಧ ನಮ್ಮದೇ ಬಡಾವಣೆಯವು. ಅದೊಂದು ದೈವಕೃಪೆ ಎಂದೇ ಹೇಳಬೇಕು, ಇಲ್ಲವಾದರೆ ಈ ಲೇಖನವೇ ಇರುತ್ತಿರಲಿಲ್ಲ.

ಹಳೇ ಓಣಿಯಲ್ಲಿ ಬೀಗ ಹಾಕಿದ ಮನೆಯ ಮುಂದೆ ನಿಂತರೆ ಸಾಕು, ಪಕ್ಕದ ಕಟ್ಟೆಯಿಂದ ದನಿ ಬರುತ್ತಿತ್ತು. “ಟೀಚರ್, ಅಕೀ ದವಾಖಾನಿಗೆ ಹೋಗ್ಯಾಳ್ರಿ, ಮೊಮ್ಮಗಗ ಜ್ವರ ಬಂದಾವ. ಊಟದ ಹೊತ್ತಿಗೆ ಬರ್ತಾಳ, ಬರ್ರಿ ಕುಂದರ್ರಿ.” ಕೂತೆ. ನೀರು ಬಂತು. ಬೀಗದ ಮನೆಯಾಕೆ ಬರುವಷ್ಟರಲ್ಲಿ ಮೊಮ್ಮಗನ ಜ್ವರ ಎಷ್ಟು ದಿನದ್ದು, ಮಗ ಬೆಂಗಳೂರಿನಲ್ಲಿ ಏನು ಕೆಲಸ ಮಾಡುತ್ತಾನೆ ಎಲ್ಲ ನನಗೆ ಗೊತ್ತಾಗಿತ್ತು. ನಮ್ಮ ಬಡಾವಣೆಯಲ್ಲಿ ಬೀಗ ಹಾಕಿದ ಮನೆಯ ಮುಂದೆ ನಿಂತು ಪಕ್ಕದ ಗೇಟಿನ ಗಂಟೆ ಒತ್ತಿದರೆ, ಒಳಗಿನಿಂದ ಒಬ್ಬ ಹೆಂಗಸು ಗ್ರಿಲ್ಲಿನ ಸಂದಿಯಿಂದ, “ಗೊತ್ತಿಲ್ಲರೀ, ಅವರ ಪರಿಚಯ ಇಲ್ಲ” ಎನ್ನುತ್ತಿದ್ದಳು. ಎಷ್ಟು ವರ್ಷವಾಯಿತು ನೀವು ಇಲ್ಲಿಗೆ ಬಂದು? “ಆರು ವರ್ಷ.” ಆಕೆ ಕೆಟ್ಟವಳಲ್ಲ. ಬಿಸಿಲಲ್ಲಿ ನಿಂತಿದ್ದೀರಿ ಎಂದು ಆಕೆಯೂ ನೀರು ಕೊಟ್ಟಳು. ಬಾಟಲಿಯನ್ನು ಗೇಟಿನ ಕಂಬಿಗಳ ನಡುವಿನಿಂದ ದಾಟಿಸಬೇಕಾಯಿತು, ಅಷ್ಟೇ.

ನಮ್ಮ ಎದುರಿನ ಹಸಿರು ಗೇಟಿನ ಮನೆಯೂ ನನ್ನ ಪಟ್ಟಿಯಲ್ಲಿತ್ತು. ನಾಲ್ಕು ವರ್ಷದಿಂದ ಅಲ್ಲಿದ್ದಾರೆ. ಗಂಡ ಹೆಂಡತಿ, ಒಬ್ಬ ಮಗಳು ಎಂಬಷ್ಟು ನನಗೆ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಬೆಳಿಗ್ಗೆ ರಂಗೋಲಿ ಹಾಕುವಾಗ ಇಬ್ಬರೂ ನಕ್ಕು ತಲೆ ಆಡಿಸುತ್ತಿದ್ದೆವು. ಒಳಗೆ ಕರೆದು ಕುರ್ಚಿ ಕೊಟ್ಟಳು. ನಾನು ಮೊಬೈಲ್ ತೆರೆದು, “ಯಜಮಾನರ ಹೆಸರು ಹೇಳಿ” ಎಂದೆ. ಆಕೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. “ಅವರು ತೀರಿಕೊಂಡಾರಲ್ರೀ ಟೀಚರ್. ಹೋದ ವರ್ಷ ಶ್ರಾವಣದಾಗ” ಎಂದಳು.

ಶ್ರಾವಣ. ನನಗೆ ನೆನಪಾಯಿತು. ಒಂದು ಸಂಜೆ ಶಾಲೆಯಿಂದ ಬರುವಾಗ ಅವರ ಮನೆಯ ಮುಂದೆ ಶಾಮಿಯಾನ ಬಿಚ್ಚಿ, ಕುರ್ಚಿಗಳನ್ನು ಟೆಂಪೋಗೆ ತುಂಬುತ್ತಿದ್ದರು. ಏನೋ ಸಮಾರಂಭ, ನಮ್ಮನ್ನು ಕರೆಯಲಿಲ್ಲ ಎಂದು ಮನೆಗೆ ಬಂದು ನಾನು ಆಡಿಕೊಂಡಿದ್ದೆ! ಮರುದಿನದಿಂದ ರಂಗೋಲಿ ಕಾಣಲಿಲ್ಲ, ಅದನ್ನೂ ನಾನು ಗಮನಿಸಲಿಲ್ಲ. ಈ ಹೆಂಗಸಿನ ಮನೆಯಲ್ಲಿ ಹೆಣ ಇಟ್ಟುಕೊಂಡು ಅಳುತ್ತಿದ್ದಾಗ ನಮ್ಮ ಅಡಿಗೆಮನೆಯ ಕುಕ್ಕರ್ ಮೂವತ್ತು ಅಡಿ ಆಚೆ ಕೂಗುತ್ತಿತ್ತು. (ಸಮೀಕ್ಷೆಯಲ್ಲಿ ತಿಳಿದದ್ದನ್ನು ಹೊರಗೆ ಹೇಳುವಂತಿಲ್ಲ. ಇದನ್ನು ಬರೆಯಲೇ ಎಂದು ಆಮೇಲೆ ಆಕೆಯನ್ನೇ ಕೇಳಿದೆ. “ಬರೀರಿ, ಹೆಸರು ಬ್ಯಾಡ” ಎಂದಳು.)

ಮಲ್ಲಟದಲ್ಲಿ ಹೀಗಾಗುತ್ತಿತ್ತೇ? ಅಲ್ಲಿಯ ಹೆಂಗಸರು ನನಗಿಂತ ಕರುಣೆಯುಳ್ಳವರು ಎಂದಲ್ಲ. ನಮ್ಮ ಆಯಿಯ ಬಾಯಿಗೆ ಹೆದರದವರೇ ಇರಲಿಲ್ಲ. ಆದರೆ ಅವಳು ಕೂತಿದ್ದ ಜಾಗದಿಂದ ಎದುರು ಬಾಗಿಲು ಕಾಣುತ್ತಿತ್ತು. ನನ್ನ ಜಾಗದಿಂದ ನನ್ನದೇ ಗೋಡೆ ಕಾಣುತ್ತದೆ.

ಬಿ.ಎಡ್. ಓದುವಾಗ ನಮಗೆ ಮೊರೆನೋ ಎಂಬ ವಿದ್ವಾಂಸನ ಸಮಾಜಮಿತಿ ಎಂಬ ಪಾಠವಿತ್ತು. ತರಗತಿಯ ಮಕ್ಕಳಿಗೆ ನಿನಗೆ ಇಷ್ಟವಾದ ಮೂವರ ಹೆಸರು ಬರೆ ಎಂದು ಹೇಳಿ, ಬಾಣದ ಗುರುತು ಹಾಕಿ ನಕ್ಷೆ ಬರೆಯುವುದು. ನಾನು ಮೊದಲ ಸಲ ಮಾಡಿದಾಗ ಕಂಡದ್ದು, ಬಾಣಗಳೆಲ್ಲ ಬೆಂಚಿನ ಪ್ರಕಾರ ಹೋಗಿದ್ದವು. ಬೆಂಚು ಬದಲಿಸಿ ಮೂರು ತಿಂಗಳು ಬಿಟ್ಟು ನೋಡಿದರೆ ಅನೇಕ ಬಾಣಗಳೂ ಬದಲಾಗಿದ್ದವು. ಸ್ನೇಹವೆಂದರೆ ಹೃದಯದ ಸಂಗತಿ ಎಂದು ನಂಬಿದ್ದ ಆ ವಯಸ್ಸಿನಲ್ಲಿ ನನಗೆ ಸ್ವಲ್ಪ ಬೇಸರವೇ ಆಯಿತು. ಈಚೆಗೆ, ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿರುವ ತಂಗಿಯ ಮಗಳು ಇಂಥದೇ ಒಂದು ಅಧ್ಯಯನದ ವಿಷಯ ಹೇಳಿದಳು. ಅಮೆರಿಕದ ಎಂ.ಐ.ಟಿ.ಯಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮದುವೆಯಾದ ವಿದ್ಯಾರ್ಥಿಗಳಿಗಾಗಿ ಕಟ್ಟಿದ ವಸತಿಗಳಲ್ಲಿ ಯಾರು ಯಾರಿಗೆ ಸ್ನೇಹಿತರು ಎಂದು ಫೆಸ್ಟಿಂಗರ್, ಷಾಕ್ಟರ್, ಬ್ಯಾಕ್ ಎಂಬ ಮೂವರು ಲೆಕ್ಕ ಹಾಕಿ 1950ರಲ್ಲಿ ಪುಸ್ತಕ ಮಾಡಿದರಂತೆ. ಮನೆ ಇಂಥದೇ ಬೇಕೆಂದು ಆರಿಸಿಕೊಳ್ಳುವ ಅವಕಾಶ ಅಲ್ಲಿ ಯಾರಿಗೂ ಇರಲಿಲ್ಲ. ಒಂದೇ ಮಹಡಿಯಲ್ಲಿ ಪಕ್ಕದ ಬಾಗಿಲಿನವರನ್ನು ಆಪ್ತರೆಂದು ಹೇಳಿದವರು ನೂರಕ್ಕೆ 41, ಅದೇ ಮಹಡಿಯ ಎರಡು ತುದಿಗಳಲ್ಲಿ ಇದ್ದವರಲ್ಲಿ ನೂರಕ್ಕೆ 10. ಮೆಟ್ಟಿಲಿನ ಬುಡದ ಮನೆಯವರಿಗೆ ಮೇಲಿನ ಮಹಡಿಯವರ ಸ್ನೇಹ ಹೆಚ್ಚು. ಮನೆಗಳು ಅಂಗಳದ ಸುತ್ತ ಇದ್ದ ಕಡೆ, ಮುಖವನ್ನು ಅಂಗಳಕ್ಕೆ ಬಿಟ್ಟು ರಸ್ತೆಗೆ ತಿರುಗಿಸಿದ್ದ ಕೆಲವೇ ಮನೆಯವರಿಗೆ ಉಳಿದವರ ಅರ್ಧದಷ್ಟೂ ಸ್ನೇಹಿತರಿಲ್ಲ. ಬಾಗಿಲು ಯಾವ ಕಡೆಗೆ ಎಂಬುದರ ಮೇಲೆ ಮನುಷ್ಯನಿಗೆ ಎಷ್ಟು ಜನ ಎಂಬುದು ನಿಂತಿತ್ತು. ವಾಸ್ತುವಿನವರು ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಎಂದು ತಲೆ ತಿನ್ನುತ್ತಾರಲ್ಲ, ಎದುರಿನ ಬಾಗಿಲಿಗೆ ಮುಖ ಕೊಡುತ್ತದೋ ಇಲ್ಲವೋ ಎಂದು ಅವರಲ್ಲಿ ಒಬ್ಬರಾದರೂ ಕೇಳಿದ್ದನ್ನು ನಾನು ಕಾಣೆ.

ಕಟ್ಟೆ ಬೇಕು ಎಂದರೆ ಬರುವ ಉತ್ತರಗಳು ನನಗೆ ಬಾಯಿಪಾಠವಾಗಿವೆ. ಕಳ್ಳರ ಕಾಟ. ಕುಡುಕರು ಬಂದು ಕೂರುತ್ತಾರೆ. ಧೂಳು. ರಸ್ತೆ ಒತ್ತುವರಿ. ಕೊನೆಯದನ್ನು ಮೊದಲು ಒಪ್ಪಿಕೊಳ್ಳುತ್ತೇನೆ, ಹಳೇ ಕಟ್ಟೆಗಳಲ್ಲಿ ಎಷ್ಟೋ ರಸ್ತೆಗೆ, ಚರಂಡಿಯ ಮೇಲೆ ಚಾಚಿದ್ದವು. ಸಿ.ಸಿ. ರಸ್ತೆ ಬಂದಾಗ ಹೋದವು, ಹೋಗಬೇಕಾದದ್ದೇ. ಆದರೆ ನಿವೇಶನದ ಮುಂದೆ ಸೆಟ್‌ಬ್ಯಾಕ್ ಎಂದು ಬಿಡುವ ಜಾಗವಿದೆಯಲ್ಲ, ಅದು ನಮ್ಮದೇ ತಾನೇ? ಗೋಡೆ ನಿಂತಿರುವ ಗೆರೆಯಲ್ಲೇ, ನಮ್ಮ ಮಿತಿಯ ಒಳಗೇ, ಒಂದು ಮೊಳದ ಕಟ್ಟೆ ಕಟ್ಟಿದರೆ ಯಾವ ನಗರಸಭೆಯ ಇಂಚನ್ನೂ ತಿನ್ನುವುದಿಲ್ಲ. ಇನ್ನು ಕಳ್ಳರು. ಆರು ಅಡಿ ಗೋಡೆ ಹಾರಿದ ಕಳ್ಳನಿಗೆ ಒಳಗೆ ಇಡೀ ರಾತ್ರಿ ಯಾರೂ ಕಾಣದ ಏಕಾಂತ ಸಿಗುತ್ತದೆ. ಜೇನ್ ಜೇಕಬ್ಸ್ ಎಂಬ ಹೆಂಗಸು 1961ರಲ್ಲಿ ಅಮೆರಿಕದ ನಗರಗಳ ಮೇಲೆ ಬರೆದ ಪುಸ್ತಕದಲ್ಲಿ, ಬೀದಿಯನ್ನು ಕಾಯುವುದು ಬೀದಿಯ ಮೇಲಿರುವ ಕಣ್ಣುಗಳು ಎಂದು ವಾದಿಸಿದಳು. ಡಿಗ್ರಿ ಇಲ್ಲದ ಗೃಹಿಣಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದು ಮೂಗು ಮುರಿದ ದೊಡ್ಡವರಿದ್ದರು. ನಮ್ಮ ಆಯಿಗೆ ಇಂಗ್ಲಿಷ್ ಬರುತ್ತಿದ್ದರೆ ಆಕೆಯ ಪರವಾಗಿ ಸಾಕ್ಷಿ ಹೇಳುತ್ತಿದ್ದಳು. ಕುಡುಕರ ಮಾತೂ ಹಾಗೆಯೇ. ಹೆಂಗಸರು ಕೂರುವ ಕಟ್ಟೆಯಲ್ಲಿ ಕುಡುಕ ಕೂರುವುದನ್ನು ನಾನಂತೂ ನೋಡಿಲ್ಲ. ಖಾಲಿ ಬಿದ್ದ ಕಟ್ಟೆಯಲ್ಲಿ ಕೂರುತ್ತಾನೆ. ಅದಕ್ಕೆಂದು ಬಜಾರಿನ ಕೆಲವು ಅಂಗಡಿಗಳ ಮೆಟ್ಟಿಲಿಗೆ ಕಬ್ಬಿಣದ ಮೊಳೆ ಹೊಡೆಸಿದ್ದಾರೆ, ಬಿಸಿಲಲ್ಲಿ ಬಸ್ಸಿಗೆ ಕಾಯುವ ಬಸುರಿಗೂ ಜಾಗವಿಲ್ಲದ ಹಾಗೆ.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸುವ ಆಕ್ಷೇಪಗಳು ಎರಡು. ಒಂದು, ಕಟ್ಟೆ ಹೆಣ್ಣುಮಕ್ಕಳನ್ನು ಕಾಯುತ್ತಿತ್ತು ಎನ್ನುವುದು ಎಷ್ಟು ನಿಜವೋ ಕಾಡುತ್ತಿತ್ತು ಎನ್ನುವುದೂ ಅಷ್ಟೇ ನಿಜ. ಹೈಸ್ಕೂಲಿಗೆ ಹೋಗುವಾಗ ಹನ್ನೆರಡು ಕಟ್ಟೆಗಳ ಕಣ್ಣನ್ನು ಬೆನ್ನ ಮೇಲೆ ಹೊತ್ತು ನಡೆದವಳು ನಾನು. ಯಾರ ಜೊತೆ ನಕ್ಕೆ, ಎಷ್ಟು ಹೊತ್ತಿಗೆ ಬಂದೆ, ಎಲ್ಲವೂ ನಾನು ಮನೆ ಮುಟ್ಟುವ ಮೊದಲೇ ಅವ್ವನಿಗೆ ಮುಟ್ಟಿರುತ್ತಿತ್ತು. ಆರು ಅಡಿ ಗೋಡೆಗೆ ನಾನು ಹಟ ಹಿಡಿದದ್ದು ಯಾಕೆ ಎಂದು ಈಗ ಯೋಚಿಸಿದರೆ ಕಳ್ಳರಿಗಿಂತ ಆ ಕಣ್ಣುಗಳಿಂದ ತಪ್ಪಿಸಿಕೊಳ್ಳಲೇ ಇರಬೇಕು. ಆದರೆ ನಾವು ಗಂಟನ್ನು ಬಿಚ್ಚುವ ಬದಲು ಸೀರೆಯನ್ನೇ ಕತ್ತರಿಸಿದೆವು. ಮಗಳ ಮೇಲಿನ ಕಣ್ಣು ತೆಗೆಯಿರಿ ಎಂದು ಹೇಳುವ ಧೈರ್ಯ ಬರಲಿಲ್ಲ, ಗೋಡೆ ಕಟ್ಟುವ ದುಡ್ಡು ಬಂತು.

ಎರಡನೆಯದು ಇದಕ್ಕಿಂತ ದೊಡ್ಡದು. ನಮ್ಮ ಕಟ್ಟೆಯ ಮೇಲೆ ಎಲ್ಲರೂ ಕೂರುತ್ತಿರಲಿಲ್ಲ. ಕೇರಿಯ ಹುಡುಗಿ ಒಬ್ಬಳು ನನ್ನ ತರಗತಿಯಲ್ಲಿದ್ದಳು. ನನಗಿಂತ ಲೆಕ್ಕದಲ್ಲಿ ಜಾಣೆ. ನನಗೆ ಜ್ವರ ಬಂದು ಶಾಲೆ ತಪ್ಪಿದಾಗ ನೋಟ್ ಬುಕ್ ಕೊಡಲು ಮನೆಗೆ ಬಂದಳು. ಕಟ್ಟೆಯ ಕೆಳಗೆ ನಿಂತಳು. ಆಯಿ ಪುಸ್ತಕವನ್ನು ಕಲ್ಲಿನ ಅಂಚಿಗೆ ಇಡು ಎಂದಳು, ಇಟ್ಟಳು, ಹೋದಳು. ಅಷ್ಟೇ. ನಾನು ಒಳಗಿನಿಂದ ನೋಡುತ್ತಿದ್ದೆ, ಏನೂ ಹೇಳಲಿಲ್ಲ. ಕಟ್ಟೆಯ ಗುಣಗಾನ ಮಾಡುವಾಗಲೆಲ್ಲ ಆ ನೋಟ್ ಬುಕ್ ನನ್ನ ಕಣ್ಣ ಮುಂದೆ ಬರುತ್ತದೆ, ಬರಬೇಕು. ಹಾಗಾದರೆ ಕಟ್ಟೆ ಹೋದದ್ದೇ ಒಳ್ಳೆಯದಾಯಿತಲ್ಲವೇ ಎಂದು ಒಬ್ಬ ಯುವ ಸಹೋದ್ಯೋಗಿ ಕೇಳಿದರು. ಹೋದ ಮೇಲೆ ಜಾತಿ ಹೋಯಿತೇ? ನಮ್ಮ ಬಡಾವಣೆಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಗೇಟು ತೆಗೆಯುವ ಮೊದಲೇ, “ನೀವು ಯಾವ ಮಂದಿರೀ?” ಎಂದು ಕೇಳುತ್ತಾರೆ. ಕಲ್ಲಿನ ಅಂಚು ಒಂದು ಮೊಳ ಇದ್ದದ್ದು ಗೋಡೆಯಾಗಿ ಆರು ಅಡಿ ಎದ್ದಿತು, ಅಷ್ಟೇ ವ್ಯತ್ಯಾಸ. ಮೊಳ ಎತ್ತರದ್ದನ್ನು ಹತ್ತಿ ಕೂರುವ ಹಕ್ಕಿಗಾಗಿ ಜಗಳ ಮಾಡಬಹುದಿತ್ತು, ಬಹಳ ಕಡೆ ಮಾಡಿದರು ಕೂಡ. ಗೋಡೆಯ ಜೊತೆ ಯಾರು ಜಗಳ ಮಾಡುತ್ತಾರೆ?

ಸರಕಾರ ಮನೆ ಕಟ್ಟಿಕೊಡುವಾಗಲೂ ಇದೇ ಮರೆವು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ನಮ್ಮ ಸೀಮೆಯ ಮಣ್ಣಿನ ಮಾಳಿಗೆಗಳು ಸಾಲುಸಾಲಾಗಿ ಕುಸಿದವು. ಆಮೇಲೆ ಆಸರೆ ಯೋಜನೆಯಲ್ಲಿ ದಾನಿಗಳೂ ಸರಕಾರವೂ ಸೇರಿ ನವಗ್ರಾಮಗಳನ್ನು ಕಟ್ಟಿದರು. ಕುಸಿಯದ ಸೂರು ಬಂತು, ಅದನ್ನು ನಾನು ಹಗುರ ಮಾಡುವುದಿಲ್ಲ. ಸಂಬಂಧಿಕರ ಮನೆಗೆಂದು ನಾನು ಹೋಗಿದ್ದ ಅಂಥ ಒಂದು ಊರಿನಲ್ಲಿ ಮನೆಗಳು ಪರೀಕ್ಷೆಗೆ ಕೂರಿಸಿದ ಮಕ್ಕಳ ಹಾಗೆ ದೂರ ದೂರ, ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಒಬ್ಬರ ಬಾಗಿಲಿನಿಂದ ಕಾಣುವುದು ಮುಂದಿನವರ ಹಿತ್ತಲಗೋಡೆ. ಯಾವ ಮನೆಗೂ ಕಟ್ಟೆಯಿಲ್ಲ. ಅಲ್ಲಿಯ ಹೆಂಗಸರು ಏನು ಮಾಡಿದ್ದರು ಗೊತ್ತೇ? ಹಳೇ ಊರಿನ ಬಿದ್ದ ಮನೆಗಳಿಂದ ಬಂಡೆಗಳನ್ನು ತಂದು ಬಾಗಿಲ ಬದಿಗೆ ಇಟ್ಟುಕೊಂಡಿದ್ದರು. ಒಬ್ಬಾಕೆ ಆ ಬಂಡೆಯನ್ನು ಕೈಯಲ್ಲಿ ತಟ್ಟಿ, “ಇದು ನಮ್ಮತ್ತಿ ಕುಂಡ್ರತಿದ್ದ ಕಲ್ಲರಿ” ಎಂದಳು. ನಕ್ಷೆ ಬರೆದವರು ಬಿಟ್ಟದ್ದನ್ನು ಓದು ಬಾರದ ಹೆಂಗಸರು ಎತ್ತಿನ ಗಾಡಿಯಲ್ಲಿ ಹೇರಿ ತಂದಿದ್ದರು.

ಆದ್ದರಿಂದ ಮನೆ ಕಟ್ಟಿಸುವ ಅಕ್ಕತಂಗಿಯರಿಗೆ ನಾನು ಹೇಳುವುದಿಷ್ಟು. ಅಡಿಗೆಮನೆಯ ಕಟ್ಟೆ ಎಷ್ಟು ಎತ್ತರವಿರಬೇಕೆಂದು ನಾವು ಇಂಜಿನಿಯರ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತೇವೆ. ಹೊರಗಿನ ಕಟ್ಟೆಯ ಬಗ್ಗೆಯೂ ಒಂದು ಹತ್ತು ನಿಮಿಷ ಮಾಡಿರಿ. ಹೊರಗಿನದು ಗಂಡಸರ ಇಲಾಖೆ ಎಂದು ಬಿಟ್ಟುಕೊಟ್ಟದ್ದೇ ತಪ್ಪಾಯಿತು. ಗಂಡಸರಿಗೆ ಹೋಟೆಲಿದೆ, ಬಸ್ ಸ್ಟ್ಯಾಂಡಿದೆ, ಪಾನ್ ಅಂಗಡಿಯಿದೆ. ಕಾರಣವಿಲ್ಲದೆ ನಾಲ್ಕು ಮಾತಾಡಲು ಹೆಂಗಸಿಗೆ ಊರಲ್ಲಿ ಇದ್ದದ್ದು ಆ ಒಂದೇ ಕಲ್ಲು.

ನಮ್ಮ ಮನೆಯಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ಗೋಡೆಯ ಮುಂಭಾಗವನ್ನು ಒಡೆಸಿ ಕಟ್ಟೆ ಮಾಡಿಸೋಣ ಎಂದು ದೀಪಾವಳಿಯ ನಂತರ ನಾನು ಹೇಳಿದಾಗ ನಮ್ಮ ಮನೆಯವರು ಪತ್ರಿಕೆಯಿಂದ ತಲೆ ಎತ್ತದೆ, “ಆವಾಗ ನಾಲ್ಕೇ ಅಡಿ ಸಾಕು ಅಂದವ ನಾನು” ಎಂದರು. ಅದು ಸರಿಯಾದ ಮಾತೇ. ಗೌಂಡಿ ಬಂದು ನೋಡಿ, ಗೋಡೆ ಒಡೆಯಲಿಕ್ಕೆ ಕಟ್ಟುವುದಕ್ಕಿಂತ ಹೆಚ್ಚು ದುಡ್ಡು ಹೇಳಿ ಹೋಗಿದ್ದಾನೆ. ಅಲ್ಲಿಯವರೆಗೆ ಚರಂಡಿಯ ಮೇಲೆ ಹಾಸಿದ ಚಪ್ಪಡಿಯೊಂದು ನಮ್ಮ ಎರಡು ಗೇಟುಗಳ ನಡುವೆ ಸ್ವಲ್ಪ ಎತ್ತರಕ್ಕೆ ನಿಂತಿದೆ. ಸಂಜೆ ಐದೂವರೆಗೆ ಬಿಸಿಲು ಇಳಿದ ಮೇಲೆ ನಾನು ಉತ್ತರ ಪತ್ರಿಕೆಗಳ ಕಟ್ಟು ತಂದು ಅಲ್ಲಿ ಕೂರುತ್ತೇನೆ. ಎದುರು ಮನೆಯಾಕೆ ಮೆಂತ್ಯಸೊಪ್ಪು ಬಿಡಿಸಿಕೊಳ್ಳಲು ಬರುತ್ತಾಳೆ. ಮೊದಲ ವಾರ ಮೂಲೆ ಮನೆಯವರು ನಮ್ಮನ್ನು ನೋಡಿ, “ಕೀಲಿ ಕಳಕೊಂಡೀರೇನ್ರಿ?” ಎಂದು ಕೇಳಿದರು. ಎರಡನೆಯ ವಾರ ತಮ್ಮ ಮಣೆ ತಂದು ಕೂತರು.